ಓದುಗನ ಬಿಡುವಿಗೆ ಬಾಗಿಲು ತೆರೆದ ಡಾ. ಎಸ್.ಆರ್. ರಂಗನಾಥನ್

ಪ್ರತಿ ವರ್ಷ ಆಗಸ್ಟ್ 12ರಂದು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನು ಆಚರಿಸಲಾಗುತ್ತದೆ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜನ್ಮದಿನದ ನೆನಪು ಅದು. ಕರಾವಳಿಯವರಾದ ನಮಗೆ ಅವರು ಹೊರಗಿನವರಲ್ಲ. 1917ರಲ್ಲಿ ಅವರು ಗಣಿತ ಅಧ್ಯಾಪಕರಾಗಿ ಬಂದದ್ದು ಮಂಗಳೂರಿನ ಸರಕಾರಿ ಕಾಲೇಜಿಗೆ, ಅಂದರೆ ಇಂದಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿಗೆ.

1892ರಲ್ಲಿ ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಉನ್ನತ ಶಿಕ್ಷಣ ಪಡೆದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡಾಗ ಅವರಿಗೆ ಆ ಕೆಲಸ ಹಿಡಿಸಲಿಲ್ಲ. ಓದುಗರೇ ಬಾರದ ಕಟ್ಟಡದಲ್ಲಿ ಒಬ್ಬರೇ ಕುಳಿತು ಬೇಸತ್ತು, ತರಗತಿಗೆ ಮರಳಲು ಅನುಮತಿ ಕೇಳಿದರು. ವಿಶ್ವವಿದ್ಯಾನಿಲಯ ಅವರನ್ನು ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತು.

ಅಲ್ಲಿ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದ ಅವರು ಹೊಸದೊಂದನ್ನು ಕಂಡರು. ಮಕ್ಕಳು, ಮಹಿಳೆಯರು, ಕಾರ್ಮಿಕರು ಎಲ್ಲರೂ ಗ್ರಂಥಾಲಯಕ್ಕೆ ಬರುತ್ತಿದ್ದರು. ಪುಸ್ತಕಗಳನ್ನು ಕಾಪಾಡುವುದಷ್ಟೇ ತನ್ನ ಕೆಲಸವಲ್ಲ, ಅವನ್ನು ಓದುಗರ ಕೈಗೆ ತಲುಪಿಸಬೇಕು ಎಂಬುದು ಅವರಿಗೆ ಮನವರಿಕೆಯಾಯಿತು. 1925ರಲ್ಲಿ ಮರಳಿದ ಬಳಿಕ ಅವರು ತರಗತಿಯ ಮಾತೆತ್ತಲಿಲ್ಲ.

1931ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ವಿವರಿಸಿದರು. ಪುಸ್ತಕಗಳು ಇರುವುದು ಬಳಕೆಗೆ ಎಂಬುದು ಮೊದಲ ಸೂತ್ರ. ಕೇಳಲು ಇದು ಸರಳ. ಆದರೆ ಕಟ್ಟಡದ ಜಾಗ, ತೆರೆಯುವ ವೇಳೆ, ಪೀಠೋಪಕರಣ, ಸಿಬ್ಬಂದಿ ಎಲ್ಲವನ್ನೂ ಅವರು ಈ ಒಂದೇ ಸೂತ್ರದಿಂದ ಅಳೆದರು. ಗ್ರಂಥಾಲಯ ಊರಾಚೆ ಇರದೆ ಜನರು ಓಡಾಡುವ ಕಡೆ ಇರಬೇಕು. ಕಪಾಟು ಕೈಗೆಟಕುವ ಎತ್ತರದಲ್ಲಿರಬೇಕು. ಓದುಗನೇ ಒಳಗೆ ಹೋಗಿ ಪುಸ್ತಕ ಆರಿಸಿಕೊಳ್ಳುವಂತಿರಬೇಕು. ಬಾಗಿಲು ತೆರೆಯುವ ವೇಳೆಯನ್ನು ಸಿಬ್ಬಂದಿಯ ಅನುಕೂಲವಲ್ಲ, ಓದುಗನ ಬಿಡುವು ನಿರ್ಧರಿಸಬೇಕು. ಮದ್ರಾಸಿನಲ್ಲಿ ಅವರು ಕಪಾಟುಗಳನ್ನು ಓದುಗರಿಗೆ ಮುಕ್ತಗೊಳಿಸಿದರು, ಗ್ರಂಥಾಲಯದ ವೇಳೆಯನ್ನೂ ವಿಸ್ತರಿಸಿದರು. ಬರಲಾಗದವರ ಬಳಿಗೆ ಪುಸ್ತಕವೇ ಹೋಗಬೇಕೆಂಬುದೂ ಅವರ ನಿಲುವು. 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗಾಗಿ ಆರಂಭವಾದ ಎತ್ತಿನ ಗಾಡಿಯ ಗ್ರಂಥಾಲಯವನ್ನು ಅವರೇ ಉದ್ಘಾಟಿಸಿದರು.

ಇಳಿವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಹಿಂದೆಯೂ ಅವರ ಚಿಂತನೆಯಿದೆ. ಕಟ್ಟಡ ತೆರಿಗೆಯೊಡನೆ ಗ್ರಂಥಾಲಯ ಕರ ಸಂಗ್ರಹಿಸುವ ವ್ಯವಸ್ಥೆ ಆ ಕಾಯಿದೆಯಿಂದ ಬಂತು. ಅಂದರೆ ಗ್ರಂಥಾಲಯವನ್ನು ನಡೆಸುವುದು ಜನರ ಹಣವೇ. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಕಾಯಿದೆ ಬಂದಾಗ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. 1997ರಿಂದ ಅವು ಹಾವೇರಿ ಜಿಲ್ಲೆಯಲ್ಲಿವೆ. ಕನಕದಾಸರ ಬಾಡ, ಶರೀಫಜ್ಜನ ಶಿಶುನಾಳ ಎರಡೂ ಶಿಗ್ಗಾಂವಿ ತಾಲೂಕಿನವು. ಅಕ್ಷರಕ್ಕೆ ಬೆಲೆ ಕೊಟ್ಟ ನೆಲವಿದು. ರಂಗನಾಥನ್ ಅವರ ಸೂತ್ರವನ್ನು ಪರೀಕ್ಷಿಸಲು ಇಂಥ ಊರುಗಳೇ ತಕ್ಕ ಜಾಗ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ದುಡಿಯುವ ಹೆಣ್ಣುಮಗಳು ಮನೆ ಸೇರುವುದು ಹೊತ್ತು ಮುಳುಗುವಾಗ. ಸವಣೂರಿನ ಎಲೆಬಳ್ಳಿ ತೋಟದವನಿಗೆ ಬೆಳಗೂ ಬಿಡುವಿಲ್ಲ, ಮಧ್ಯಾಹ್ನವೂ ಇಲ್ಲ. ಹಿರೇಕೆರೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನ ಒಂದೇ ಕೋಣೆಯ ಮನೆಯಲ್ಲಿ ರಾತ್ರಿ ದೀಪ ಹಚ್ಚಿದರೆ ಇತರರಿಗೆ ನಿದ್ದೆಯಿಲ್ಲ. ಹಗಲು ಮಾತ್ರ ತೆರೆದಿರುವ ವಾಚನಾಲಯ ಇವರ ಪಾಲಿಗೆ ಮುಚ್ಚಿದ್ದಂತೆಯೇ. ಇವರಿಗೆ ಬೇಕಾದದ್ದು ಮುಂಜಾನೆ ಮತ್ತು ರಾತ್ರಿಯ ಕೆಲವು ಗಂಟೆಗಳು, ಒಳ್ಳೆಯ ಬೆಳಕು, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಹೋಗಬಹುದಾದ ಹಾದಿ, ಶೌಚಾಲಯ, ಕುಡಿಯುವ ನೀರು.

ಇಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಹೊಸ ಹೆಸರು, ಹೊಸ ಗಣಕಯಂತ್ರ ಸಂತೋಷದ ವಿಷಯವೇ. ಆದರೆ ದುಡಿಮೆ ಮುಗಿಸಿ ಬಂದವನಿಗೆ ಬಾಗಿಲಲ್ಲಿ ಬೀಗ ಕಂಡರೆ ಒಳಗೆ ಎಷ್ಟು ಪುಸ್ತಕವಿದ್ದರೇನು? ಪ್ರಿಯ ಓದುಗರೇ, ಮುಂದಿನ ಆಗಸ್ಟ್ 12ರಂದು ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕುವ ಮುನ್ನ ನಮ್ಮೂರಿನ ವಾಚನಾಲಯದ ಬಾಗಿಲಲ್ಲಿರುವ ವೇಳಾಪಟ್ಟಿಯನ್ನೊಮ್ಮೆ ನೋಡೋಣ. ಅದು ಯಾರ ಬಿಡುವಿಗೆ ಹೊಂದುತ್ತದೆ ಎಂದು ಕೇಳೋಣ.