ಗಲಿವರನ ಕಥೆ ಬರೆದವರ ಕಿವಿಯ ಕಥೆ

ಗಲಿವರನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆ ಕಥೆ ಬರೆದ ಜೊನಾಥನ್ ಸ್ವಿಫ್ಟ್, ನಾವೀಗ ಓದುತ್ತಿರುವ ಇದೇ ಡಬ್ಲಿನ್ ನಗರದವರು. ಹುಟ್ಟಿದ್ದೂ ಇಲ್ಲೇ, ಮಣ್ಣಾದದ್ದೂ ಇಲ್ಲೇ. ಆದರೆ ಅವರು ಐವತ್ತಕ್ಕೂ ಹೆಚ್ಚು ವರ್ಷ ತಲೆಸುತ್ತು, ಕಿವುಡು ಮತ್ತು ಕಿವಿಯೊಳಗಿನ ಮೊರೆತದ ಜೊತೆ ಬದುಕಿದರು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರ ಬದುಕನ್ನು ಈ ಸಲ ಆ ಕಡೆಯಿಂದ ನೋಡೋಣ.

ಸ್ವಿಫ್ಟ್ ಹುಟ್ಟಿದ್ದು 1667ರ ನವೆಂಬರ್ 30ರಂದು. ಅಷ್ಟರಲ್ಲಾಗಲೇ ತಂದೆ ತೀರಿಕೊಂಡಿದ್ದರು. ದೊಡ್ಡಪ್ಪನ ಖರ್ಚಿನಲ್ಲಿ ಕಿಲ್ಕೆನಿಯ ಶಾಲೆಯಲ್ಲೂ ಆಮೇಲೆ ಟ್ರಿನಿಟಿ ಕಾಲೇಜಿನಲ್ಲೂ ಓದಿದರು. 1689ರಲ್ಲಿ ಐರ್ಲೆಂಡಿನಲ್ಲಿ ಗಲಭೆ ಶುರುವಾದಾಗ ಇಂಗ್ಲೆಂಡಿಗೆ ಹೋಗಿ, ಸರ್ ವಿಲಿಯಂ ಟೆಂಪಲ್ ಎಂಬ ಹಿರಿಯ ರಾಜತಂತ್ರಜ್ಞರ ಮನೆಯಲ್ಲಿ ಕಾರ್ಯದರ್ಶಿಯಾಗಿ ಸೇರಿಕೊಂಡರು. ಮನೆ ಬಿಟ್ಟು, ಕಡಲು ದಾಟಿ, ಬೇರೆ ದೇಶದಲ್ಲಿ ಮೊದಲ ಕೆಲಸ. ಆಗ ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ಹೆಚ್ಚುಕಡಿಮೆ ನಮ್ಮದೇ ಪ್ರಾಯ.

ಅಲ್ಲಿದ್ದಾಗಲೇ ಮೊದಲ ಸಲ ತಲೆಸುತ್ತು ಬಂತು. ನಿಂತ ನೆಲವೇ ತಿರುಗಿದ ಹಾಗೆ, ಜೊತೆಗೆ ವಾಂತಿ. ಒಂದೇ ಸಲಕ್ಕೆ ಸಿಕ್ಕಾಪಟ್ಟೆ ಸೇಬು ತಿಂದದ್ದೇ ಇದಕ್ಕೆ ಕಾರಣ ಅಂತ ಸ್ವಿಫ್ಟ್ ನಂಬಿದರು. ಹಣ್ಣೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಮುಂದೆ ಜೀವನಪೂರ್ತಿ ಹಣ್ಣು ಮುಟ್ಟಲು ಹೆದರುತ್ತಿದ್ದರು. ಊರಿನ ಗಾಳಿ ಬಿದ್ದರೆ ಸರಿಹೋಗಬಹುದು ಎಂದು ವೈದ್ಯರು ಐರ್ಲೆಂಡಿಗೆ ವಾಪಸ್ ಕಳಿಸಿದರು. ಸರಿಹೋಗಲಿಲ್ಲ. ಕೆಲವು ವರ್ಷದ ನಂತರ ಕಿವಿಯೂ ಮಂದವಾಗತೊಡಗಿತು. ಅದಕ್ಕೆ ಶೀತ ಕಾರಣ ಎಂದುಕೊಂಡರು. ಎರಡೂ ಒಂದೇ ಕಾಯಿಲೆಯ ಎರಡು ಮುಖ ಇರಬಹುದು ಎಂದು ಹೇಳುವವರು ಆಗ ಯಾರೂ ಇರಲಿಲ್ಲ.

ಆ ಕಾಯಿಲೆಗೆ ಇಂದು ಮೆನಿಯರ್ ಕಾಯಿಲೆ ಎಂಬ ಹೆಸರಿದೆ. ನಮ್ಮ ಒಳಗಿವಿಯಲ್ಲಿ ಕೇಳಿಸಿಕೊಳ್ಳುವ ಭಾಗವೂ ದೇಹದ ತೋಲ ಕಾಯುವ ಭಾಗವೂ ಅಕ್ಕಪಕ್ಕ ಇವೆ, ಒಂದೇ ದ್ರವ ಎರಡರಲ್ಲೂ ಹರಡಿದೆ. ಈ ಕಾಯಿಲೆ ಇದ್ದವರಲ್ಲಿ ಆ ದ್ರವ ಹೆಚ್ಚಾಗಿ ಒಳಗಿವಿ ಉಬ್ಬಿರುತ್ತದೆ. ಇದ್ದಕ್ಕಿದ್ದಂತೆ ಸುತ್ತು ಬರುತ್ತದೆ, ಕೆಲವು ಗಂಟೆ ಕಾಡುತ್ತದೆ, ಹೋಗುತ್ತದೆ. ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಕಿವಿ ಕಟ್ಟಿದಂತಾಗಿ ಒಳಗೆ ಗುಂಯ್ ಎನ್ನುತ್ತದೆ. ಸಾಮಾನ್ಯವಾಗಿ ಮೊದಲು ಕೇಳಿಸದಂತಾಗುವುದು ದಪ್ಪ ದನಿಗಳು. ಸ್ವಿಫ್ಟ್ ಕೂಡ ಗಂಡಸರ ಮಾತು ಕೇಳಿಸುವುದಿಲ್ಲ, ಕೀಚಲು ದನಿಯವರ ಮಾತಷ್ಟೇ ಕೇಳಿಸುತ್ತದೆ ಎಂದು ಬರೆದುಕೊಂಡಿದ್ದರು. ಕಿವಿಯೊಳಗಿನ ಸದ್ದನ್ನು ಸಮುದ್ರದ ಮೊರೆತಕ್ಕೆ ಹೋಲಿಸಿದ್ದರು.

1713ರಲ್ಲಿ ಅವರು ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲಿನ ಡೀನ್ ಆದರು. ಇದು ಜನರ ನಡುವೆ ಇರಬೇಕಾದ ಹುದ್ದೆ. ಸುತ್ತು ಬಂದ ದಿನ ಯಾರನ್ನೂ ನೋಡುವ ಹಾಗಿಲ್ಲ, ಕಿವಿ ಮಂದವಾದ ವಾರ ಊಟಕ್ಕೆ ಬಂದವರ ಜೊತೆ ಮಾತಾಡುವ ಹಾಗಿಲ್ಲ. ಹಾಗಂತ ಅವರು ಸುಮ್ಮನೆ ಕೂರಲಿಲ್ಲ. ದಿನಾ ನಡೆಯುತ್ತಿದ್ದರು, ಕುದುರೆ ಸವಾರಿ ಮಾಡುತ್ತಿದ್ದರು. ಮಳೆ ಬಂದರೆ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಿದ್ದರು. ಖರ್ಚುವೆಚ್ಚದ ಪುಸ್ತಕದಲ್ಲೇ ಸುತ್ತು ಬಂದ ದಿನಗಳನ್ನೂ ಗುರುತು ಹಾಕಿಡುತ್ತಿದ್ದರು.

1724ರಲ್ಲಿ ಇಂಗ್ಲೆಂಡು ವುಡ್ ಎಂಬ ಒಬ್ಬ ವ್ಯಾಪಾರಿ ಮಾಡಿಸಿದ ತಾಮ್ರದ ನಾಣ್ಯಗಳನ್ನು ಐರ್ಲೆಂಡಿನ ಮೇಲೆ ಹೇರಲು ಹೊರಟಾಗ, ಸ್ವಿಫ್ಟ್ ಬಟ್ಟೆ ವ್ಯಾಪಾರಿಯ ಸೋಗಿನಲ್ಲಿ ಪತ್ರಗಳನ್ನು ಬರೆದು ಜನರನ್ನು ಎಬ್ಬಿಸಿದರು. ಬರೆದವರು ಯಾರೆಂದು ಹೇಳಿದವರಿಗೆ ಸರ್ಕಾರ 300 ಪೌಂಡ್ ಇನಾಮು ಸಾರಿತು. ಅದು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮರುವರ್ಷ ಸರ್ಕಾರವೇ ಹಿಂದೆ ಸರಿಯಿತು. 1726ರಲ್ಲಿ ಗಲಿವರನ ಪುಸ್ತಕ ಹೊರಬಂತು. ಇದೆಲ್ಲ ತಲೆಸುತ್ತಿನ ನಡುವೆ ಆದ ಕೆಲಸ.

ಅವರಿಗೆ ತೀರಾ ಕಷ್ಟವಾದ ಕಾಲವೆಂದರೆ 1727. ಲಂಡನ್ನಿನ ಹತ್ತಿರ ಗೆಳೆಯ, ಕವಿ ಅಲೆಕ್ಸಾಂಡರ್ ಪೋಪ್ ಮನೆಯಲ್ಲಿದ್ದಾಗ ಕಿವುಡು, ಸುತ್ತು ಎರಡೂ ಒಟ್ಟಿಗೆ ಬಂದವು. ಪೋಪ್ ಕೂಡ ಮೊದಲೇ ಕಾಯಿಲೆಯ ಮನುಷ್ಯ. ಅವರಿಗೆ ಹೊರೆಯಾಗಬಾರದೆಂದು ಸ್ವಿಫ್ಟ್ ಆ ಮನೆ ಬಿಟ್ಟು ಹೊರಟರು. ಅತ್ತ ಡಬ್ಲಿನ್ನಿನಲ್ಲಿ ಅವರ ಜೀವದ ಗೆಳತಿ ಎಸ್ತರ್ ಜಾನ್ಸನ್, ಅವರು ಸ್ಟೆಲ್ಲಾ ಎಂದು ಕರೆಯುತ್ತಿದ್ದವರು, ಹಾಸಿಗೆ ಹಿಡಿದಿದ್ದರು. ಹಡಗಿಗೆ ಗಾಳಿ ಕೂಡಿಬರದೆ ಹೋಲಿಹೆಡ್ ಬಂದರಿನಲ್ಲಿ ಒಂದು ವಾರ ಒಬ್ಬರೇ ಕಾಯಬೇಕಾಯಿತು. 1728ರ ಜನವರಿಯಲ್ಲಿ ಸ್ಟೆಲ್ಲಾ ತೀರಿಕೊಂಡರು. ಅಂತ್ಯಕ್ರಿಯೆಯ ರಾತ್ರಿ ಸ್ವಿಫ್ಟ್ ತಾವೇ ಕಾಯಿಲೆಯಿಂದ ಮಲಗಿದ್ದರು. ಚರ್ಚಿನ ದೀಪದ ಬೆಳಕು ಕಾಣದಿರಲೆಂದು ಬೇರೆ ಕೋಣೆಗೆ ಹಾಸಿಗೆ ಹಾಕಿಸಿಕೊಂಡು, ಅಲ್ಲಿ ಕೂತು ಅವರ ಬಗ್ಗೆ ಬರೆದರು.

ಆಮೇಲೆ ಕಿವುಡು ಹೆಚ್ಚಿತು, ಗೆಳೆಯರು ಕಡಿಮೆಯಾದರು. ಕೊನೆಯ ವರ್ಷಗಳಲ್ಲಿ ನೆನಪೂ ಮಾತೂ ಕೈಕೊಟ್ಟವು. 1742ರಲ್ಲಿ, ತಮ್ಮ ವ್ಯವಹಾರ ನೋಡಿಕೊಳ್ಳಲು ಅವರು ಶಕ್ತರಲ್ಲ ಎಂದು ಕಾನೂನು ಪ್ರಕಾರ ತೀರ್ಮಾನವಾಯಿತು. 1745ರ ಅಕ್ಟೋಬರ್ 19ರಂದು ತೀರಿಕೊಂಡರು. ಜನ ಎಲ್ಲವನ್ನೂ ಕಲಸಿ ಒಂದು ಮಾತು ಮಾಡಿಬಿಟ್ಟರು: ಡೀನ್‌ಗೆ ಹುಚ್ಚು ಹಿಡಿದಿತ್ತು, ಮೊದಲಿಂದಲೂ ಸ್ವಲ್ಪ ಹಾಗೇ ಇದ್ದರು ಅಂತ. ಅವರ ತೀಕ್ಷ್ಣ ಬರಹಕ್ಕೂ ಅದೇ ಕಾರಣ ಎಂದವರಿದ್ದರು.

ಆ ಮಾತು ಅಳಿಸಲು ನೂರು ವರ್ಷವೇ ಬೇಕಾಯಿತು. 1849ರಲ್ಲಿ ಡಬ್ಲಿನ್ನಿನ ಕಿವಿ ವೈದ್ಯ ವಿಲಿಯಂ ವೈಲ್ಡ್, ಅಂದರೆ ಆಸ್ಕರ್ ವೈಲ್ಡ್ ಅವರ ತಂದೆ, ಸ್ವಿಫ್ಟ್ ಹುಚ್ಚರಾಗಿರಲಿಲ್ಲ ಎಂದು ವಾದಿಸಿ ಪುಸ್ತಕವನ್ನೇ ಬರೆದರು. 1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯರ್, ಇಂಥ ತಲೆಸುತ್ತು ಮಿದುಳಿನದ್ದಲ್ಲ, ಒಳಗಿವಿಯದ್ದು ಎಂದು ತೋರಿಸಿದರು. ಮುಂದೆ ಇಂಗ್ಲೆಂಡಿನ ವೈದ್ಯ ಬಕ್‌ನಿಲ್, ಸ್ವಿಫ್ಟ್ ಅವರನ್ನು ಕಾಡಿದ್ದೂ ಇದೇ ಎಂದರು. ಕೊನೆಗಾಲದ ಮರೆವು ಮುಪ್ಪಿನಲ್ಲಿ ಬಂದ ಬೇರೆಯದೇ ತೊಂದರೆ.

ತಮ್ಮ ಆಸ್ತಿಯ ಬಹುಪಾಲನ್ನು ಸ್ವಿಫ್ಟ್ ಮನೋರೋಗಿಗಳ ಆಸ್ಪತ್ರೆಗೆ ಬರೆದಿಟ್ಟಿದ್ದರು. 1757ರಲ್ಲಿ ಬಾಗಿಲು ತೆರೆದ ಸೇಂಟ್ ಪ್ಯಾಟ್ರಿಕ್ ಆಸ್ಪತ್ರೆ ಈ ಊರಿನಲ್ಲಿ ಇಂದಿಗೂ ನಡೆಯುತ್ತಿದೆ.

ಮೆನಿಯರ್ ಕಾಯಿಲೆಗೆ ಪೂರ್ತಿ ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ. ಆದರೆ ಹೆಸರಿದೆ, ಪರೀಕ್ಷೆ ಇದೆ, ಉಪ್ಪು ಕಡಿಮೆ ಮಾಡುವುದರಿಂದ ಹಿಡಿದು ಮಾತ್ರೆ, ವ್ಯಾಯಾಮ, ಶ್ರವಣಯಂತ್ರದವರೆಗೆ ದಾರಿಗಳಿವೆ. ಆದ್ದರಿಂದ ನಮ್ಮ ರೂಮ್‌ಮೇಟ್ ಯಾರಾದರೂ ತಲೆ ತಿರುಗುತ್ತೆ, ಕಿವಿ ಗುಂಯ್ ಅನ್ನುತ್ತೆ ಅಂತ ಕ್ಲಾಸು ತಪ್ಪಿಸಿ ಮಲಗಿದರೆ, ನಿದ್ದೆಗೆಟ್ಟಿದ್ದಕ್ಕೋ ಊಟ ಬಿಟ್ಟಿದ್ದಕ್ಕೋ ಹೀಗೆ ಅಂತ ನಾವೇ ತೀರ್ಮಾನ ಕೊಡೋದು ಬೇಡ. ಮತ್ತೆ ಮತ್ತೆ ಬಂದರೆ ಡಾಕ್ಟರ ಹತ್ತಿರ ಜೊತೆಗೇ ಹೋಗೋಣ. ಅಲ್ಲಿಯತನಕ ಮಾತಾಡುವಾಗ ಎದುರಿಗೆ ಕೂತು, ಸ್ವಲ್ಪ ನಿಧಾನವಾಗಿ ಮಾತಾಡೋಣ.