ಗಾಯಕರ ಮರ್ಯಾದೆ: ವಿಷ್ಣು ದಿಗಂಬರ ಪಲುಸ್ಕರರು

ಉತ್ಸವಕಾಲ ಬಂದಿತೆಂದರೆ ನಮ್ಮ ನಗರಗಳಲ್ಲಿ ಸಂಗೀತ ಕಚೇರಿಗಳಿಗೂ ನಾಟಕಗಳಿಗೂ ಜನರು ತಂಡೋಪತಂಡವಾಗಿ ಹೊರಡುವರು. ಟಿಕೀಟು ಕೊಂಡು, ಅಧಿಕಾರಿಯೂ ಗುಮಾಸ್ತನೂ ಒಂದೇ ಸಭೆಯಲ್ಲಿ ಕುಳಿತು ಹಾಡು ಕೇಳುವುದು ಇಂದು ಸಹಜವಾಗಿ ತೋರುತ್ತದೆ. ಹೀಗಾಗುವುದಕ್ಕೆ ಶ್ರಮಿಸಿದವರಲ್ಲಿ ಅಗ್ರಗಣ್ಯರಾದ ವಿಷ್ಣು ದಿಗಂಬರ ಪಲುಸ್ಕರರ ಚರಿತ್ರೆಯನ್ನು ವಾಚಕರ ಸ್ಮರಣೆಗೆ ತರಬಯಸುತ್ತೇವೆ.

ಇವರು 1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಕೀರ್ತನಕಾರರೊಬ್ಬರ ಮಗನಾಗಿ ಜನಿಸಿದರು. ಬಾಲ್ಯದಲ್ಲಿ ದತ್ತಜಯಂತಿಯ ಸಮಯದಲ್ಲಿ ಪಟಾಕಿ ಸಿಡಿದು ದೃಷ್ಟಿ ಬಹುಮಟ್ಟಿಗೆ ಕೆಟ್ಟಿತು. ಶಾಲೆಯ ಓದು ನಿಂತುಹೋಗಲು, ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಗ್ವಾಲಿಯರ್ ಪರಂಪರೆಯ ಗಾಯನವನ್ನು ಅಭ್ಯಸಿಸಿದರು. ಅಲ್ಲಿ ಗಣ್ಯರ ಸಭೆಯೊಂದಕ್ಕೆ ರಾಜಾಶ್ರಿತರಾದ ಶಿಷ್ಯರಿಗೆ ಆಹ್ವಾನ ಬಂದು, ಕೇವಲ ಹಾಡುವವರೆಂಬ ಕಾರಣದಿಂದ ಗುರುಗಳಿಗೆ ಬಾರದೆ ಹೋಯಿತೆಂದು ಹೇಳುವರು. ಆ ಅವಮಾನವೇ ಅವರ ಬಾಳಿನ ದಿಕ್ಕನ್ನು ತಿರುಗಿಸಿತು.

1896ರಲ್ಲಿ ಮಿರಜನ್ನು ಬಿಟ್ಟು ದೇಶಸಂಚಾರಕ್ಕೆ ಹೊರಟರು. ಸೌರಾಷ್ಟ್ರದಲ್ಲಿ ಟಿಕೀಟಿಟ್ಟು ಸಾರ್ವಜನಿಕ ಕಚೇರಿಯನ್ನು ನಡೆಯಿಸಿ, ಅರಸರ ಕೃಪೆಯೊಂದನ್ನೇ ನಂಬದೆ ಕಲಾವಿದನು ಜನರ ಮುಂದೆ ನಿಲ್ಲಬಹುದೆಂದು ತೋರಿಸಿದರು. ಪಂಜಾಬಿನ ಜಾಲಂಧರದಲ್ಲಿ 1875ರಿಂದ ನಡೆದುಬಂದ ಹರಿವಲ್ಲಭ ಸಂಗೀತಮೇಳದಲ್ಲಿಯೂ ಹಾಡಿದರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಸಂಗೀತಗಾರರ ಮನೆಗಳಲ್ಲಿಯೇ ಉಳಿದಿದ್ದ ವಿದ್ಯೆಯು ಪಠ್ಯಕ್ರಮ, ಸ್ವರಲಿಪಿ, ಪರೀಕ್ಷೆಗಳೊಡನೆ ಸಾಮಾನ್ಯ ವಿದ್ಯಾರ್ಥಿಗೂ ದೊರೆಯಿತು. 1908ರಲ್ಲಿ ಮುಂಬಯಿಯಲ್ಲಿಯೂ ಶಾಖೆ ತೆರೆಯಿತು. ಕಾಂಗ್ರೆಸ್ ಅಧಿವೇಶನಗಳಲ್ಲಿ ಅವರು ಹಾಡಿದ ವಂದೇಮಾತರವು ದೇಶಕ್ಕೆಲ್ಲ ಪರಿಚಿತವಾಯಿತು.

ಈ ಕಾರ್ಯಕ್ಕೆ ಜನರು ಕೊಟ್ಟ ಬೆಂಬಲವಾದರೋ ಸಾಲದೆ ಹೋಯಿತು. ಸಾಲದ ಹೊರೆ ಬೆಳೆದು, ಮುಂಬಯಿಯ ವಿದ್ಯಾಲಯದ ಕಟ್ಟಡವು 1924ರಲ್ಲಿ ಹರಾಜಾಯಿತು. ಕಟ್ಟಡವು ಹೋದರೂ ಕಟ್ಟಿದ್ದು ಹೋಗಲಿಲ್ಲ. ಓಂಕಾರನಾಥ ಠಾಕೂರ್, ವಿನಾಯಕರಾವ್ ಪಟವರ್ಧನ್, ನಾರಾಯಣರಾವ್ ವ್ಯಾಸರಂತಹ ಶಿಷ್ಯರು ಅವರ ಪರಂಪರೆಯನ್ನು ಊರೂರಿಗೆ ಒಯ್ದರು. 1931ರ ಆಗಸ್ಟ್ 21ರಂದು ಮಿರಜಿನಲ್ಲಿ ಅವರು ಕಾಲವಾದರು.

ಅವರು ಗಾಯಕರಿಗೆ ಸಭೆಯಲ್ಲಿ ಸ್ಥಾನವನ್ನು ಗಳಿಸಿಕೊಟ್ಟರು. ಅದನ್ನು ಉಳಿಸುವುದು ಕೇಳುವವರ ಹೊಣೆ. ಶಕ್ತಿಯುಳ್ಳವರೇ ಪುಕ್ಕಟೆ ಪಾಸಿಗಾಗಿ ಅಧಿಕಾರಿಗಳ ಬಾಗಿಲು ಕಾಯುವುದು, ತಡವಾಗಿ ಬಂದು ಮುಂದಿನ ಸಾಲನ್ನು ಬಯಸುವುದು, ಮಂಗಳಕ್ಕೆ ಮೊದಲೇ ಎದ್ದು ಹೋಗುವುದು ನಮಗೆ ಶೋಭಿಸುವುದಿಲ್ಲ. ಈ ಉತ್ಸವದಲ್ಲಾದರೂ ನಮ್ಮ ನಾಗರಿಕರು ಟಿಕೀಟು ಕೊಂಡು, ಹೊತ್ತಿಗೆ ಸರಿಯಾಗಿ ಹೋಗಿ, ಕೊನೆಯವರೆಗೆ ಕುಳಿತು ಕೇಳುವರೆಂದು ಆಶಿಸುತ್ತೇವೆ.