ಗೊರಗೊರ ಸದ್ದನ್ನು ಗೆದ್ದ ಮೇಜರ್: ಎಡ್ವಿನ್ ಆರ್ಮ್‌ಸ್ಟ್ರಾಂಗ್

ಅನಲಾಗ್ ಕಮ್ಯುನಿಕೇಶನ್ ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ ಸೂಪರ್‌ಹೆಟೆರೊಡೈನ್ ರಿಸೀವರ್‌ನ ಬ್ಲಾಕ್ ಡಯಾಗ್ರಾಂ ಬಾಯಿಪಾಠ ಮಾಡ್ತೀವಿ. ಮಿಕ್ಸರ್, ಲೋಕಲ್ ಆಸಿಲೇಟರ್, ಐಎಫ್ ಆಂಪ್ಲಿಫೈಯರ್, ಡಿಟೆಕ್ಟರ್. ಮುಂದಿನ ಅಧ್ಯಾಯ ಎಫ್‌ಎಂ. ಈ ಎರಡು ಅಧ್ಯಾಯಗಳ ಹಿಂದೆ ಇರುವುದು ಒಬ್ಬನೇ ಮನುಷ್ಯ ಅನ್ನೋದನ್ನ ಸಿಲಬಸ್ ಹೇಳೋದಿಲ್ಲ. ಆತನ ಎಫ್‌ಎಂ ಹಾಡು ಕೇಳಿಸುವುದಕ್ಕಿಂತ ದೊಡ್ಡ ಕೆಲಸವೊಂದನ್ನು ಮಾಡಿತು. ಓಡುತ್ತಿರುವ ಪೊಲೀಸ್ ಕಾರಿನಲ್ಲಿ ಕೂತವನಿಗೆ ಕಂಟ್ರೋಲ್ ರೂಮಿನ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಿದ್ದೂ ಅದೇ.

ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿದ್ದರು, ತಾಯಿ ಶಿಕ್ಷಕಿಯಾಗಿದ್ದವರು. ಎಂಟನೇ ವಯಸ್ಸಿಗೆ ನರಗಳಿಗೆ ಸಂಬಂಧಿಸಿದ ಕಾಯಿಲೆ ಬಂದು ಹುಡುಗ ಎರಡು ವರ್ಷ ಶಾಲೆ ಬಿಟ್ಟು ಮನೆಯಲ್ಲೇ ಕಲಿಯಬೇಕಾಯಿತು. ಭುಜ, ಕತ್ತು, ಬಾಯಿ ಅದುರುವ ಅಭ್ಯಾಸ ಮಾತ್ರ ಕೊನೆತನಕ ಉಳಿಯಿತು. ಜನರ ನಡುವೆ ಸಂಕೋಚ, ಒಂಟಿಯಾಗಿ ಕೂತು ಯಂತ್ರ ಬಿಚ್ಚೋದರಲ್ಲಿ ಖುಷಿ. ಯಾಂಕರ್ಸ್ ಊರಿನ ಮನೆಯ ಅಂಗಳದಲ್ಲಿ 125 ಅಡಿ ಎತ್ತರದ ಆಂಟೆನಾ ಕಂಬವನ್ನು ತಾನೇ ಎಬ್ಬಿಸಿದ. ಎತ್ತರ ಅಂದರೆ ಅವನಿಗೆ ಭಯವೇ ಇರಲಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು ಸೇರಿದಾಗ ದಿನಾ ಮೋಟಾರ್ ಸೈಕಲ್‌ನಲ್ಲಿ ಓಡಾಟ. ಆಗ ರೇಡಿಯೋ ಅಂದರೆ ಹೆಡ್‌ಫೋನ್ ಕಿವಿಗೊತ್ತಿ ಕೇಳಬೇಕಾದ ಪಿಸುಮಾತು. ಲೀ ಡಿ ಫಾರೆಸ್ಟ್ ರೂಪಿಸಿದ್ದ ಆಡಿಯಾನ್ ಎಂಬ ಟ್ಯೂಬ್ ಇತ್ತು, ಆದರೆ ಅದು ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಯಾರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. 1912ರಲ್ಲಿ, ಇನ್ನೂ ನಮ್ಮ ಹಾಗೇ ವಿದ್ಯಾರ್ಥಿಯಾಗಿದ್ದ ಆರ್ಮ್‌ಸ್ಟ್ರಾಂಗ್, ಟ್ಯೂಬಿನ ಔಟ್‌ಪುಟ್‌ನ ಒಂದು ಭಾಗವನ್ನು ವಾಪಸ್ ಇನ್‌ಪುಟ್‌ಗೆ ಕೊಟ್ಟ. ಸಿಗ್ನಲ್ ಸಾವಿರಾರು ಪಟ್ಟು ಹಿಗ್ಗಿತು. ಫೀಡ್‌ಬ್ಯಾಕ್ ಇನ್ನೂ ಹೆಚ್ಚಿಸಿದರೆ ಸರ್ಕ್ಯೂಟ್ ತಾನೇ ಆಸಿಲೇಟ್ ಆಗಿ ಟ್ರಾನ್ಸ್‌ಮಿಟರ್ ಆಗುತ್ತಿತ್ತು.

ಪೇಟೆಂಟ್‌ಗೆ ದುಡ್ಡು ಕೊಡಲು ಅಪ್ಪ ಒಪ್ಪಲಿಲ್ಲ, ಮೊದಲು ಡಿಗ್ರಿ ಮುಗಿಸು ಅಂದರು. ಹಾಗಾಗಿ ಸರ್ಕ್ಯೂಟಿನ ಚಿತ್ರ ಬರೆದು, 1913ರ ಜನವರಿ 31ರಂದು ನೋಟರಿ ಮುಂದೆ ಸಹಿ ಹಾಕಿಸಿಟ್ಟ. ಅರ್ಜಿ ಹೋಗಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಆ ಒಂಬತ್ತು ತಿಂಗಳ ಅಂತರ ಮುಂದೆ ತುಂಬಾ ದುಬಾರಿಯಾಯಿತು. ಡಿ ಫಾರೆಸ್ಟ್ ಇದು ತನ್ನದೇ ಎಂದು ಕೋರ್ಟಿಗೆ ಹೋದರು.

ಮೊದಲ ಮಹಾಯುದ್ಧದಲ್ಲಿ ಆರ್ಮ್‌ಸ್ಟ್ರಾಂಗ್ ಅಮೆರಿಕದ ಸಿಗ್ನಲ್ ಕೋರ್ ಸೇರಿ ಪ್ಯಾರಿಸ್‌ಗೆ ಹೋದರು. ಅಧಿಕ ಫ್ರೀಕ್ವೆನ್ಸಿಯ ಬಡ ಸಿಗ್ನಲ್ಲನ್ನು ನೇರವಾಗಿ ಹಿಗ್ಗಿಸುವ ಶಕ್ತಿ ಆಗಿನ ಟ್ಯೂಬುಗಳಿಗೆ ಇರಲಿಲ್ಲ. ಹಾಗಾದರೆ ಅದನ್ನು ಇನ್ನೊಂದು ಫ್ರೀಕ್ವೆನ್ಸಿಯ ಜೊತೆ ಬೆರೆಸಿ, ಕೆಳಗಿನ ಒಂದು ಸ್ಥಿರ ಫ್ರೀಕ್ವೆನ್ಸಿಗೆ ಇಳಿಸಿಕೊಂಡು, ಅಲ್ಲಿ ನೆಮ್ಮದಿಯಾಗಿ ಹಿಗ್ಗಿಸಬಹುದಲ್ವಾ? 1918ರ ಈ ಯೋಚನೆಯೇ ಸೂಪರ್‌ಹೆಟೆರೊಡೈನ್. ಫ್ರಾನ್ಸಿನ ಲ್ಯೂಸಿಯನ್ ಲೆವಿ ಕೂಡ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದಿದ್ದರು. ಯುದ್ಧ ಮುಗಿಯುವಾಗ ಸಿಕ್ಕಿದ ಮೇಜರ್ ಪದವಿ ಆರ್ಮ್‌ಸ್ಟ್ರಾಂಗ್ ಅವರ ಹೆಸರಿಗೇ ಅಂಟಿಕೊಂಡಿತು. 1923ರಲ್ಲಿ ಅವರು ಮರಿಯನ್ ಮ್ಯಾಕಿನ್ನಿಸ್ ಅವರನ್ನು ಮದುವೆಯಾದರು. ಆಕೆ ಆರ್‌ಸಿಎ ಕಂಪನಿಯ ಡೇವಿಡ್ ಸಾರ್ನಾಫ್ ಅವರ ಸೆಕ್ರೆಟರಿಯಾಗಿದ್ದವರು. ಮದುವೆಗೆ ಮೇಜರ್ ಕೊಟ್ಟ ಉಡುಗೊರೆ ತಾವೇ ಮಾಡಿದ ಪೋರ್ಟಬಲ್ ರೇಡಿಯೋ! ಆವಿಷ್ಕಾರಗಳನ್ನು ಆರ್‌ಸಿಎಗೆ ಮಾರಿ ಸಿಕ್ಕ ಷೇರುಗಳಿಂದ ಅಷ್ಟುಹೊತ್ತಿಗೆ ಅವರು ಶ್ರೀಮಂತರೂ ಆಗಿದ್ದರು.

ಇನ್ನೊಂದು ಕಡೆ ಪೊಲೀಸರು ರೇಡಿಯೋ ಕಡೆ ನೋಡತೊಡಗಿದ್ದರು. ಡೆಟ್ರಾಯಿಟ್ ಪೊಲೀಸರು ಏಳು ವರ್ಷ ಪ್ರಯೋಗ ಮಾಡಿ 1928ರ ಏಪ್ರಿಲ್ 7ರಂದು ಗಸ್ತು ಕಾರುಗಳಿಗೆ ರೇಡಿಯೋ ಸಂದೇಶ ಶುರುಮಾಡಿದರು. ಅದು ಒಮ್ಮುಖ. ಠಾಣೆಯವರು ಹೇಳೋದು, ಕಾರಿನವರು ಕೇಳೋದು. ಕೇಳಿಸಿತೋ ಇಲ್ಲವೋ ಅಂತ ಠಾಣೆಗೆ ಗೊತ್ತಾಗುವ ದಾರಿ ಕಾರಿನಲ್ಲಿ ಇರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಊರಿನ ಪೊಲೀಸರು ಎರಡೂ ಕಡೆಯಿಂದ ಮಾತಾಡುವ ವ್ಯವಸ್ಥೆ ತಂದರು. ಆದರೆ ಎಲ್ಲವೂ ಎಎಂ. ಕಾರಿನ ಸ್ಪಾರ್ಕ್ ಪ್ಲಗ್ ಒಂದೊಂದು ಸಲ ಕಿಡಿ ಹಾರಿಸಿದಾಗಲೂ ರೇಡಿಯೋ ಅಲೆ ಹೊರಡುತ್ತೆ. ಮೇಲೆ ವಿದ್ಯುತ್ ತಂತಿ, ಆಕಾಶದಲ್ಲಿ ಮಿಂಚು. ಎಎಂನಲ್ಲಿ ಮಾತು ಕೂತಿರೋದು ಅಲೆಯ ಎತ್ತರದಲ್ಲಿ, ಗದ್ದಲ ಬಂದು ಸೇರಿಕೊಳ್ಳೋದೂ ಅದೇ ಎತ್ತರಕ್ಕೆ. ಬೀದಿಯ ಹೆಸರೋ ಮನೆ ನಂಬರೋ ಆ ಗೊರಗೊರದಲ್ಲಿ ಮುಳುಗಿದರೆ ಕಾರು ತಪ್ಪು ಜಾಗಕ್ಕೆ ಹೋಗುತ್ತೆ.

ಈ ಸ್ಟ್ಯಾಟಿಕ್ ತೊಲಗಿಸಲು ಮೇಜರ್ ವರ್ಷಗಟ್ಟಲೆ ಕೊಲಂಬಿಯಾದ ಫಿಲಾಸಫಿ ಹಾಲ್ ಕಟ್ಟಡದ ನೆಲಮಾಳಿಗೆಯಲ್ಲಿ ಒದ್ದಾಡಿದರು. ಎತ್ತರದ ಬದಲು ಫ್ರೀಕ್ವೆನ್ಸಿಯನ್ನೇ ಅಲುಗಿಸಿದರೆ ಹೇಗೆ ಅನ್ನೋ ಯೋಚನೆ ಹೊಸದೇನಲ್ಲ. 1922ರಲ್ಲೇ ಜಾನ್ ಕಾರ್ಸನ್ ಗಣಿತದ ಮೂಲಕ ಅದರಿಂದ ಲಾಭವಿಲ್ಲ ಎಂದು ತೋರಿಸಿದ್ದರು. ನಾವು ಬ್ಯಾಂಡ್‌ವಿಡ್ತ್ ಲೆಕ್ಕ ಹಾಕಲು ಬಳಸುವ ಕಾರ್ಸನ್ ರೂಲ್‌ನ ಕಾರ್ಸನ್ ಇವರೇ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅದು ಕಿರಿದಾದ ಬ್ಯಾಂಡಿನ ಎಫ್‌ಎಂಗೆ ಸಂಬಂಧಿಸಿದ್ದು. ಎಲ್ಲರೂ ಅದನ್ನು ಎಫ್‌ಎಂ ಕಥೆಯೇ ಮುಗಿಯಿತು ಅಂತ ಓದಿಕೊಂಡರು. ಮೇಜರ್ ಉಲ್ಟಾ ಹೊರಟರು. ಬ್ಯಾಂಡನ್ನು ಕಿರಿದು ಮಾಡುವ ಬದಲು ಅಗಲ ಮಾಡಿದರು. ರಿಸೀವರ್‌ನಲ್ಲಿ ಲಿಮಿಟರ್ ಇಟ್ಟು ಎತ್ತರದ ಏರಿಳಿತವನ್ನೆಲ್ಲ ಕತ್ತರಿಸಿ ಹಾಕಿದರು. ಗದ್ದಲ ಫೇಸ್‌ನಲ್ಲಿ ಒಂದಿಷ್ಟು ಅಲುಗಾಟ ತರುತ್ತೆ ನಿಜ. ಆದರೆ ಮಾತಿನ ಅಲುಗಾಟವೇ ಅದಕ್ಕಿಂತ ಎಷ್ಟೋ ಪಟ್ಟು ಅಗಲವಾಗಿದ್ದರೆ ಗದ್ದಲ ಲೆಕ್ಕಕ್ಕೇ ಬರೋದಿಲ್ಲ. ಬ್ಯಾಂಡ್‌ವಿಡ್ತ್ ಖರ್ಚು ಮಾಡಿ ನಿಶ್ಶಬ್ದ ಕೊಂಡುಕೊಂಡ ಹಾಗೆ. 1933ರ ಡಿಸೆಂಬರ್ 26ರಂದು ಪೇಟೆಂಟ್‌ಗಳು ಕೈಸೇರಿದವು.

ಲ್ಯಾಬಿನಲ್ಲಿ ಗೆದ್ದಿದ್ದು ಹೊರಗೂ ಗೆಲ್ಲಬೇಕಲ್ಲ. 1934ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ 85ನೇ ಮಹಡಿಯಲ್ಲಿದ್ದ ಆರ್‌ಸಿಎ ಪ್ರಯೋಗಾಲಯದಿಂದ ಪರೀಕ್ಷೆ ಶುರುವಾಯಿತು. ಟ್ರಾನ್ಸ್‌ಮಿಟರ್ ಸುಮಾರು 2 ಕಿಲೋವಾಟ್‌ನದು. ರಿಸೀವರ್ ಮೊದಲು ಲಾಂಗ್ ಐಲೆಂಡ್‌ನ ವೆಸ್ಟ್‌ಹ್ಯಾಂಪ್ಟನ್ ಬೀಚ್‌ನಲ್ಲಿ, ಸುಮಾರು 70 ಮೈಲಿ ದೂರ. ಆಮೇಲೆ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್‌ನಲ್ಲಿ, ಸುಮಾರು 80 ಮೈಲಿ. ಒಂದೇ ಜಾಗದಿಂದ ಒಂದೇ ಕಾರ್ಯಕ್ರಮವನ್ನು ಎಎಂನಲ್ಲೂ ಎಫ್‌ಎಂನಲ್ಲೂ ಕಳಿಸಿ ಹೋಲಿಸಿದರು. ಗುಡುಗು ಮಿಂಚಿನ ದಿನಗಳಲ್ಲೂ ಕೇಳಿದರು. ಎಎಂನಲ್ಲಿ ಗದ್ದಲದಡಿ ಹೂತುಹೋಗಿದ್ದ ಆರ್ಗನ್ ವಾದ್ಯದ ಮಂದ್ರ ಸ್ವರ ಎಫ್‌ಎಂನಲ್ಲಿ ಶುದ್ಧವಾಗಿ ಬಂತು. ಬೇರೆ ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡೋದು ಅಂತ ನಮಗೆ ಲ್ಯಾಬಿನಲ್ಲಿ ಹೇಳಿಕೊಡ್ತಾರಲ್ಲ, ಅದನ್ನೇ ಮೇಜರ್ 80 ಮೈಲಿ ಉದ್ದಕ್ಕೆ ಮಾಡಿದರು.

ಅದೇ 1934ರಲ್ಲಿ ಡಿ ಫಾರೆಸ್ಟ್ ಮೊಕದ್ದಮೆಯ ಕೊನೆಯ ತೀರ್ಪು ಬಂತು. ಸುಪ್ರೀಂ ಕೋರ್ಟಿನಲ್ಲಿ ಮೇಜರ್ ಸೋತರು. ರೇಡಿಯೋ ಇಂಜಿನಿಯರುಗಳ ಸಂಸ್ಥೆ ಫೀಡ್‌ಬ್ಯಾಕ್‌ಗಾಗಿ 1917ರಲ್ಲೇ ಅವರಿಗೆ ತನ್ನ ಮೊದಲ ಗೌರವ ಪದಕ ಕೊಟ್ಟಿತ್ತು. ಅದನ್ನು ವಾಪಸ್ ಕೊಡಲು ಅವರು ಸಂಸ್ಥೆಯ ಸಭೆಗೆ ಹೋದರು. ಇಂಜಿನಿಯರುಗಳು ಪದಕ ತೆಗೆದುಕೊಳ್ಳಲಿಲ್ಲ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

1935ರಲ್ಲಿ ಆರ್‌ಸಿಎಗೆ ಟೆಲಿವಿಷನ್‌ಗಾಗಿ ಎಂಪೈರ್ ಸ್ಟೇಟ್‌ನ ಜಾಗ ಬೇಕಾಯಿತು. ಮೇಜರ್ ತಮ್ಮ ಸಾಮಾನು ಖಾಲಿ ಮಾಡಬೇಕಾಯಿತು. ಆ ನವೆಂಬರ್ 5ರಂದು ನ್ಯೂಯಾರ್ಕ್‌ನಲ್ಲಿ ನೆರೆದ ಇಂಜಿನಿಯರುಗಳ ಮುಂದೆ, ಯಾಂಕರ್ಸ್‌ನ ಗೆಳೆಯರೊಬ್ಬರ ಮನೆಯಿಂದ ಬರುತ್ತಿದ್ದ ಎಫ್‌ಎಂ ಪ್ರಸಾರ ಕೇಳಿಸಿದರು. ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಮುದುಡಿದ ಸದ್ದು ಎಲ್ಲವೂ ಪಕ್ಕದಲ್ಲೇ ಆದ ಹಾಗೆ ಕೇಳಿತು. ಕಂಪನಿಗಳು ಮಾತ್ರ ಅಲುಗಲಿಲ್ಲ. ಮೇಜರ್ ತಮ್ಮ ದುಡ್ಡಿನಲ್ಲೇ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ 400 ಅಡಿ ಮೀರಿದ ಗೋಪುರ ಕಟ್ಟಿಸಿದರು.

ಎಫ್‌ಎಂ ಪೊಲೀಸ್ ಕಾರಿಗೆ ಹತ್ತಿದ್ದು ಇನ್ನೊಬ್ಬರ ಕೈಯಿಂದ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮೇಷ್ಟ್ರು ಡೇನಿಯಲ್ ನೋಬಲ್, ಫ್ರೆಡ್ ಲಿಂಕ್ ಕಂಪನಿಯ ಇಂಜಿನಿಯರುಗಳ ಜೊತೆಗೂಡಿ ಆ ರಾಜ್ಯದ ಪೊಲೀಸರಿಗೆ ಇಮ್ಮುಖ ಎಫ್‌ಎಂ ವ್ಯವಸ್ಥೆ ರೂಪಿಸಿದರು. 1940ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅದು ಕೆಲಸ ಶುರುಮಾಡಿತು. ಅದರ ಯಶಸ್ಸು ನೋಡಿ ದೇಶವೆಲ್ಲ ಎಫ್‌ಎಂಗೆ ಬದಲಾಯಿತು. ಅದೇ ವರ್ಷ ನೋಬಲ್, ಮುಂದೆ ಮೋಟೊರೋಲಾ ಎಂದು ಹೆಸರು ಬದಲಿಸಿದ ಕಂಪನಿಗೆ ಸೇರಿದರು.

ಇಂಥ ವ್ಯವಸ್ಥೆಯ ಪರೀಕ್ಷೆ ಬೆಂಚಿನ ಮೇಲೆ ಮುಗಿಯೋದಿಲ್ಲ. ಬೆಂಚಿನಲ್ಲಿ ಸಿನಾಡ್ ಅಳೀತೀವಿ: 1 ಕಿಲೋಹರ್ಟ್ಸ್ ಟೋನ್ ಕೊಟ್ಟು, ಗದ್ದಲ ಮತ್ತು ಡಿಸ್ಟಾರ್ಷನ್‌ಗಿಂತ ಒಟ್ಟು ಔಟ್‌ಪುಟ್ 12 ಡೆಸಿಬೆಲ್ ಮೇಲಿರಲು ಎಷ್ಟು ಕಡಿಮೆ ಸಿಗ್ನಲ್ ಸಾಕು ಅಂತ. ಆಮೇಲೆ ಇಂಜಿನ್ ಚಾಲೂ ಇಟ್ಟುಕೊಂಡು ರಸ್ತೆಗಿಳಿಯಬೇಕು. ಗುಡ್ಡದ ಹಿಂದೆ, ಸೇತುವೆ ಕೆಳಗೆ, ವ್ಯಾಪ್ತಿಯ ಅಂಚಿನಲ್ಲಿ ಕೇಳಬೇಕು. ಎಫ್‌ಎಂಗೆ ಥ್ರೆಶೋಲ್ಡ್ ಇದೆ. ಸಿಗ್ನಲ್ ಅದರ ಮೇಲಿದ್ದರೆ ಸ್ಫಟಿಕದಂಥ ದನಿ, ಕೆಳಗಿಳಿದರೆ ಸ್ವಲ್ಪದರಲ್ಲೇ ಎಲ್ಲಾ ಕುಸಿಯುತ್ತೆ. ಎಎಂ ಹಾಗೆ ಮೆಲ್ಲಗೆ ಮಸುಕಾಗಿ ಮುನ್ಸೂಚನೆ ಕೊಡಲ್ಲ. ಕ್ಯಾಪ್ಚರ್ ಎಫೆಕ್ಟ್ ಇನ್ನೊಂದು. ಒಂದೇ ಚಾನೆಲ್‌ನಲ್ಲಿ ಇಬ್ಬರು ಮಾತಾಡಿದರೆ ಬಲವಾದ ಸಿಗ್ನಲ್ ಮಾತ್ರ ಕೇಳುತ್ತೆ. ದೂರದ ಇನ್ನೊಂದು ಠಾಣೆಯ ಮಾತು ಅಡ್ಡ ಬರದಿದ್ದಾಗ ಇದು ವರ. ಆದರೆ ಎರಡು ಕಾರುಗಳು ಒಟ್ಟಿಗೆ ಸಹಾಯ ಕೇಳಿದಾಗ ದೂರದ ಕಾರಿನವನು ಕರೆದಿದ್ದೇ ಕಂಟ್ರೋಲ್ ರೂಮಿಗೆ ಗೊತ್ತಾಗದೆ ಹೋಗಬಹುದು. ವಿಮಾನಗಳ ವಿಎಚ್‌ಎಫ್ ಮಾತುಕತೆ ಇಂದಿಗೂ ಎಎಂನಲ್ಲೇ ಇದೆ. ಇಬ್ಬರು ಒಟ್ಟಿಗೆ ಒತ್ತಿದರೆ ಕೀರಲು ಸದ್ದು ಕೇಳಿ ಗೊತ್ತಾಗೋದು ಅದರ ಒಂದು ಅನುಕೂಲ. ಹಾಗಾಗಿಯೇ ಇಂದಿನ ಪರೀಕ್ಷೆಗಳಲ್ಲಿ ಡೆಸಿಬೆಲ್ ಜೊತೆ ಕಿವಿಗೂ ಅಂಕ ಕೊಡ್ತಾರೆ. ಡಿಎಕ್ಯೂ ಎಂಬ 1ರಿಂದ 5ರ ಅಳತೆಯಲ್ಲಿ ಪೊಲೀಸ್, ಅಗ್ನಿಶಾಮಕ ವ್ಯವಸ್ಥೆಗಳಿಗೆ ಸಾಮಾನ್ಯವಾಗಿ ಕೇಳೋದು 3.4. ಅಂದರೆ ಅಪರೂಪಕ್ಕೊಮ್ಮೆ ಮಾತ್ರ ಇನ್ನೊಂದು ಸಲ ಹೇಳಿ ಅನ್ನಬೇಕಾದ ಮಟ್ಟ.

ಎರಡನೇ ಮಹಾಯುದ್ಧ ಬಂದಾಗ ಮೇಜರ್ ತಮ್ಮ ಎಫ್‌ಎಂ ಪೇಟೆಂಟ್‌ಗಳನ್ನು ಅಮೆರಿಕದ ಸೇನೆ ರಾಯಲ್ಟಿ ಕೊಡದೆ ಬಳಸಲು ಬಿಟ್ಟರು. ಟ್ಯಾಂಕುಗಳಲ್ಲಿ, ಬೆನ್ನಿಗೆ ಕಟ್ಟಿಕೊಳ್ಳುವ ಎಸ್‌ಸಿಆರ್-300 ವಾಕಿ-ಟಾಕಿಯಲ್ಲಿ ಎಫ್‌ಎಂ ಇತ್ತು. ಯುದ್ಧ ಮುಗಿಯುವ ವರ್ಷ, 1945ರಲ್ಲಿ, ಅಮೆರಿಕದ ಎಫ್‌ಸಿಸಿ ಎಫ್‌ಎಂ ಪ್ರಸಾರವನ್ನು 42-50 ಮೆಗಾಹರ್ಟ್ಸ್‌ನಿಂದ 88-108ಕ್ಕೆ ಎತ್ತಿ ಹಾಕಿತು. ಜನರ ಮನೆಯಲ್ಲಿದ್ದ ರೇಡಿಯೋಗಳು, ಕಟ್ಟಿದ್ದ ಸ್ಟೇಷನ್‌ಗಳು ಒಂದೇ ಏಟಿಗೆ ಹಳತಾದವು. ಆರ್‌ಸಿಎ ಸೇರಿ ಹಲವು ಕಂಪನಿಗಳು ಎಫ್‌ಎಂ ಬಳಸುತ್ತಾ ರಾಯಲ್ಟಿ ಕೊಡಲು ಒಪ್ಪಲಿಲ್ಲ. 1948ರಲ್ಲಿ ಮೇಜರ್ ಆರ್‌ಸಿಎ ಮೇಲೆ ದಾವೆ ಹೂಡಿದರು. ವರ್ಷಗಳು ಕಳೆದವು. 1950ರ ಕೊನೆಗೆ ಮೂಲ ಪೇಟೆಂಟ್‌ಗಳ ಅವಧಿಯೇ ಮುಗಿಯಿತು, ದುಡ್ಡು ಕರಗಿತು, ದೇಹ ಸೋತಿತು, ಮನೆಯಲ್ಲೂ ಮನಸ್ತಾಪ ಬಂತು. 1954ರ ಜನವರಿ 31ರ ರಾತ್ರಿ ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ನೋಟರಿ ಮುಂದೆ ಆ ಮೊದಲ ಚಿತ್ರಕ್ಕೆ ಸಹಿ ಹಾಕಿ ಅಂದಿಗೆ ಸರಿಯಾಗಿ 41 ವರ್ಷ.

80 ಮೈಲಿ ದೂರಕ್ಕೂ ಗದ್ದಲವನ್ನು ಸೋಲಿಸಿದ ಮನುಷ್ಯನಿಗೆ ಕೋರ್ಟಿನ ಗದ್ದಲ ಸೋಲಿಸಲು ಆಗಲಿಲ್ಲ. ಅಳತೆಗಳೆಲ್ಲ ಅವರ ಪರವಾಗಿಯೇ ಇದ್ದವು, ಆದರೆ ಕಾನೂನಿಗೆ ಇರುವಷ್ಟು ಪುರುಸೊತ್ತು ಒಬ್ಬ ಮನುಷ್ಯನ ಆಯಸ್ಸಿಗೆ ಇರಲಿಲ್ಲ.

ಜಗಳವನ್ನು ಮರಿಯನ್ ಕೈಬಿಡಲಿಲ್ಲ. 1954ರಲ್ಲೇ ಆರ್‌ಸಿಎ ಸುಮಾರು 10 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಉಳಿದವರ ಮೇಲೆ ಆಕೆ ಒಂದೊಂದಾಗಿ ಮೊಕದ್ದಮೆ ನಡೆಸಿ, ಒಂದೊಂದಾಗಿ ಗೆದ್ದರು. ಕೊನೆಯದು ಇತ್ಯರ್ಥವಾಗಿದ್ದು 1967ರಲ್ಲಿ, ಮೇಜರ್ ತೀರಿಕೊಂಡು 13 ವರ್ಷಗಳ ನಂತರ. ಎದುರಾಳಿ ಮೋಟೊರೋಲಾ: ನೋಬಲ್ ಸೇರಿದ ಕಂಪನಿ, ಪೊಲೀಸ್ ಕಾರುಗಳ ಎಫ್‌ಎಂ ರೇಡಿಯೋದಿಂದ ಹೆಸರು ಮಾಡಿದ ಕಂಪನಿ.